ಫೇಸಿಂಗಿಗೆ ಕಳಿಸಿದವರು

ಎಂಜಿನ್ ಕೆಲಸಕ್ಕೆ ಹೊಸದಾಗಿ ಸೇರಿದವರು ನನ್ನನ್ನು ಹೆಚ್ಚಾಗಿ ಕೇಳುವುದು ಟರ್ಬೊ ಕಾರಿನ ಕಥೆ. ಎಂಬತ್ತರ ದಶಕದಲ್ಲೇ ತುಮಕೂರಿನಲ್ಲಿ ಟರ್ಬೊ ಎಂಜಿನ್ ಬಿಚ್ಚಿ ಕಟ್ಟಿ, ಅದರ ಶಕ್ತಿಯನ್ನು ಸ್ವಲ್ಪ ಹೆಚ್ಚಿಸಿದವರು ನಾವು ಎಂಬ ಮಾತು ಇಲ್ಲಿನ ಗ್ಯಾರೇಜುಗಳಲ್ಲಿ ಹಬ್ಬಿದೆ. ಹಬ್ಬಿಸಿದವನು ನಾನೇ ಇರಬೇಕು. ತರಬೇತಿಗೆ ಬಂದ ಪ್ರತಿ ತಂಡಕ್ಕೂ ಅದನ್ನು ಹೇಳಿದ್ದೇನೆ. ನಿವೃತ್ತಿಯಾದ ಮೇಲೆ ಬರೆದಿಡೋಣ ಎಂದು ಹಳೆಯ ಡೈರಿಗಳನ್ನು ತೆಗೆದಾಗ, ಇಷ್ಟು ವರ್ಷವೂ ತಪ್ಪಾಗಿ ಹೇಳಿಕೊಂಡು ಬಂದಿದ್ದೇನೆ ಎಂದು ಗೊತ್ತಾಯಿತು. ಇಸವಿ, ನಟ್ಟಿನ ಅಳತೆ ತಪ್ಪಿದ್ದರೆ ಸುಮ್ಮನಿರುತ್ತಿದ್ದೆ. ಇದು ಒಬ್ಬರ ಕೆಲಸ ಹೋದ ವಿಷಯ. ಹಾಗಾಗಿ ಈ ಸಲ ಡೈರಿಯನ್ನು ಮುಂದಿಟ್ಟುಕೊಂಡು ಹೇಳುತ್ತೇನೆ. ನನ್ನ ನೆನಪು ಮತ್ತು ಡೈರಿ ಬೇರೆ ಬೇರೆ ಹೇಳುವ ಕಡೆ ಎರಡನ್ನೂ ಬರೆಯುತ್ತೇನೆ.

ನಾನು ಓದಿದ್ದು ಬಿ.ಎಸ್ಸಿ., ಭೌತಶಾಸ್ತ್ರ. ಎಪ್ಪತ್ತರ ದಶಕದ ನಡುವೆ ಆ ಪದವಿಗೆ ತುಮಕೂರಿನಲ್ಲಿ ಕಾಯುತ್ತಿದ್ದ ಕೆಲಸ ಯಾವುದೂ ಇರಲಿಲ್ಲ. ಒಂದು ದೊಡ್ಡ ಗ್ಯಾರೇಜಿನ ಯಜಮಾನರಿಗೆ ಇಂಗ್ಲಿಷ್ ಪತ್ರಗಳಿಗೆ ಉತ್ತರ ಬರೆಯುವವರು ಬೇಕಾಗಿತ್ತು. ಪತ್ರಗಳು ವಾರಕ್ಕೆ ಎರಡು ಬರುತ್ತಿದ್ದವು. ಉಳಿದ ಹೊತ್ತಿಗೆ ನನ್ನನ್ನು ‘ಸೂಪರ್‌ವೈಸರ್’ ಎಂದು ಕರೆದು ಶೆಡ್ಡಿನೊಳಗೆ ಬಿಟ್ಟರು.

ಶೆಡ್ಡಿನಲ್ಲಿ ಆಗಲೇ ನೋಡಿಕೊಳ್ಳುವವರು ಇದ್ದರು. ಬಷೀರ್ ಸಾಬರು. ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು, ಒಳಗೆ ಸವೆದಿರುವುದು ಯಾವ ಬೇರಿಂಗ್ ಎಂದು ಹೇಳುತ್ತಿದ್ದರು. ಬಿಚ್ಚಿ ನೋಡಿದರೆ ಅದೇ ಆಗಿರುತ್ತಿತ್ತು. ಪ್ಲಗ್ಗಿನ ಸಂದನ್ನು ಸಿಗರೇಟ್ ಪ್ಯಾಕಿನ ರಟ್ಟಿನಿಂದ ಅಳೆಯುತ್ತಿದ್ದರು. ನಾನು ಫೀಲರ್ ಗೇಜ್ ತರಿಸಿ ಪರೀಕ್ಷಿಸಿದೆ. ರಟ್ಟು ಸರಿಯಾಗಿತ್ತು. ಅವರಿಗೆ ಕನ್ನಡವಾಗಲಿ ಇಂಗ್ಲಿಷಾಗಲಿ ಓದಲು ಬರುತ್ತಿರಲಿಲ್ಲ. ಉರ್ದು ಬರುತ್ತಿತ್ತು, ಆದರೆ ಉರ್ದುವಿನಲ್ಲಿ ಯಾರೂ ವರ್ಕ್‌ಶಾಪ್ ಮ್ಯಾನ್ಯುಯಲ್ ಅಚ್ಚು ಹಾಕಿಸಿರಲಿಲ್ಲ.

ಮೊದಲ ದಿನ ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಏನು ಓದಿದ್ಯಪ್ಪ?’ ಎಂದರು.

‘ಬಿ.ಎಸ್ಸಿ.’

‘ಡಿಗ್ರಿ!’ ಎಂದು ಶೆಡ್ಡಿಗೆಲ್ಲ ಕೇಳುವ ಹಾಗೆ ಹೇಳಿದರು. ‘ಲೋ, ಡಿಗ್ರಿ ಬಂದವ್ನೆ, ಒಂದು ಸ್ಟೂಲ್ ಕೊಡ್ರೋ.’

ಅಂದಿನಿಂದ ನನ್ನ ಹೆಸರು ಡಿಗ್ರಿ. ಸ್ಟೂಲು ಮಾತ್ರ ಕೊನೆಗೂ ಬರಲಿಲ್ಲ.

ನನ್ನ ಮೊದಲ ದೊಡ್ಡ ತಪ್ಪು ಇದು. ಸರ್ಕಾರಿ ಜೀಪೊಂದಕ್ಕೆ ಆಯಿಲ್ ಬದಲಾಯಿಸುವ ಕೆಲಸವನ್ನು ಕೈಯಾರೆ ಮಾಡಿ ಕಲಿಯುತ್ತೇನೆ ಎಂದು ಹಟ ಹಿಡಿದೆ. ಹಳೆಯ ಆಯಿಲ್ ಇಳಿಸಿದೆ. ಹೊಸದನ್ನು ಸುರಿದೆ. ಕೆಳಗಿನ ಬೋಲ್ಟನ್ನು ಮತ್ತೆ ಹಾಕುವುದು ಮರೆತಿದ್ದರಿಂದ ಹೊಸದೂ ಇಳಿಯಿತು. ಮೇಸ್ತ್ರಿ ನೆಲದ ಮೇಲೆ ಹರಡುತ್ತಿದ್ದ ಆಯಿಲ್ ನೋಡಿ, ‘ಪರ್ವಾಗಿಲ್ಲ, ಒಳಗೆಲ್ಲಾ ಚೆನ್ನಾಗಿ ತೊಳೀತು ಬುಡು’ ಎಂದರು. ಯಜಮಾನರು ಬಂದು ಯಾರ ಕೆಲಸ ಎಂದು ಕೇಳಿದಾಗ, ಡಬ್ಬವೇ ತೂತಾಗಿತ್ತು ಎಂದು ಮೇಸ್ತ್ರಿ ಅಂದರು. ಇದು ನನ್ನ ನೆನಪು. ಡೈರಿಯಲ್ಲಿ ಜೀಪಿನ ಪ್ರಸ್ತಾಪವೇ ಇಲ್ಲ. ಆ ದಿನ ಊಟಕ್ಕೆ ಸೊಪ್ಪಿನ ಸಾರು ಇತ್ತೆಂದು ಬರೆದಿದ್ದೇನೆ.

ಈಗ ಎರಡು ವಿಷಯ ವಿವರಿಸಬೇಕು. ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಒಂದು, ಹೆಡ್ ಫೇಸಿಂಗ್. ಎಂಜಿನ್ನಿನ ಮೇಲೆ ಮುಚ್ಚಳದಂತೆ ಕೂರುವ ಭಾಗಕ್ಕೆ ಹೆಡ್ ಎನ್ನುತ್ತೇವೆ. ಬಿಸಿಗೆ ಅದರ ತಳ ಸೊಟ್ಟಗಾದರೆ ಮೆಷಿನ್ನಿನಲ್ಲಿ ಕೂದಲೆಳೆಯಷ್ಟು ಹೆರೆಸಿ ಸಮ ಮಾಡಿಸುತ್ತಾರೆ. ಇನ್ನೂ ಸ್ವಲ್ಪ ಹೆಚ್ಚು ಹೆರೆಸಿದರೆ ಒಳಗಿನ ಜಾಗ ಕಿರಿದಾಗುತ್ತದೆ, ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ಇನ್ನೂ ಬಿಗಿಯಾಗಿ ಒತ್ತಿಕೊಳ್ಳುತ್ತದೆ, ಗಾಡಿಗೆ ಪಿಕಪ್ ಬರುತ್ತದೆ. ಆ ಕಾಲದಲ್ಲಿ ತುಮಕೂರಿನ ಎಂಜಿನ್ ಕೆಲಸದಲ್ಲಿ ಇದು ಊಟಕ್ಕೆ ಉಪ್ಪಿದ್ದ ಹಾಗೆ. ಸೊಟ್ಟಗಾಗಿರಲಿ ಬಿಡಲಿ, ಬಿಚ್ಚಿದ ಹೆಡ್ಡನ್ನು ಫೇಸಿಂಗ್ ಮಾಡಿಸದೆ ಮತ್ತೆ ಕೂರಿಸುತ್ತಿರಲಿಲ್ಲ.

ಎರಡು, ಹೀಗೆ ಹೆರೆದುಕೊಡುವ ಲೇತ್ ಅಂಗಡಿಯ ಪದ್ಧತಿ. ಅಲ್ಲಿಗೆ ದಿನವೂ ಹತ್ತು ಗ್ಯಾರೇಜುಗಳ ಸಾಮಾನು ಬರುತ್ತಿತ್ತು. ಚೀಟಿ ಎಂಬುದು ಇರಲಿಲ್ಲ. ಯಾರು ತಂದರೋ ಅವರ ಹೆಸರನ್ನು ಸಾಮಾನಿನ ಪಕ್ಕದಲ್ಲಿ ಬಿಳಿ ಪೇಂಟಿನಿಂದ ಬರೆಯುತ್ತಿದ್ದರು. ಮಾಡಿಸಲು ಹೇಳಿದವರು ಬೇರೆ, ಹೊತ್ತು ತಂದವರು ಬೇರೆ ಇರಬಹುದು. ಲೇತಿನವರಿಗೆ ಅದು ಬೇಕಿರಲಿಲ್ಲ. ತಂದವರೇ ಮಾಡಿಸಿದವರು.

ಹತ್ತು ವರ್ಷದಲ್ಲಿ ಶೆಡ್ಡು ಬದಲಾಯಿತು. ಟೈಮಿಂಗ್ ನೋಡಲು ಮಿಂಚುವ ದೀಪ ಬಂತು, ಕಂಪ್ರೆಷನ್ ಅಳೆಯುವ ಗೇಜ್ ಬಂತು. ಇವನ್ನು ಕೊಂಡವರು ಯಜಮಾನರು, ಬಳಸುತ್ತಿದ್ದವನು ನಾನು, ನಾನು ಹೇಳಿದ ಅಂಕಿಯನ್ನು ಸ್ಕ್ರೂಡ್ರೈವರಿನಿಂದ ಪರಿಶೀಲಿಸುತ್ತಿದ್ದವರು ಮೇಸ್ತ್ರಿ. ಯಜಮಾನರು ಎಂಟು ಗಂಟೆಗೆ ಬಾಗಿಲಲ್ಲಿ ನಿಂತು ಊದುಬತ್ತಿ ಹಚ್ಚುವವರು. ಕೆಟ್ಟ ಮನುಷ್ಯರಲ್ಲ. ಆದರೆ ಹೊಸ ಉಪಕರಣ ಕೊಂಡಷ್ಟೂ ಹಳೆಯ ಮನುಷ್ಯ ಏಕೆ ಬೇಕು ಎಂಬ ಯೋಚನೆ ಅವರ ತಲೆಯಲ್ಲಿ ಬೆಳೆಯುತ್ತಾ ಹೋಯಿತು.

ಆಗ ಬಂತು ಟರ್ಬೊ ಕಾರು. ಗುಬ್ಬಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ ನಜೀರ್ ಸಾಹೇಬರು ಕೆಲವು ವರ್ಷ ಗಲ್ಫಿನಲ್ಲಿದ್ದು, ಬರುವಾಗ ಅದನ್ನು ಹಡಗಿನಲ್ಲಿ ತಂದಿದ್ದರು. ಜಪಾನಿನದು, ಮೂರೇ ಸಿಲಿಂಡರು, ಬಚ್ಚಲ ಹಂಡೆಯಷ್ಟು ಎಂಜಿನ್ನು. ಪಕ್ಕದಲ್ಲಿ ಬಸವನಹುಳುವಿನ ಚಿಪ್ಪಿನಂಥ ಟರ್ಬೊ. ಹೊರಹೋಗುವ ಹೊಗೆಯ ರಭಸಕ್ಕೆ ಅದರೊಳಗಿನ ಚಕ್ರ ತಿರುಗಿ, ಎಂಜಿನ್ನಿನೊಳಕ್ಕೆ ಗಾಳಿಯನ್ನು ಒತ್ತಿ ತುಂಬುತ್ತದೆ. ನಾವು ಯಾರೂ ಅಂಥದ್ದನ್ನು ನೋಡಿರಲಿಲ್ಲ.

ನಜೀರ್ ಸಾಹೇಬರ ಮಗಳನ್ನು ಕುಣಿಗಲ್ಲಿಗೆ ಕೊಟ್ಟಿತ್ತು. ಬೀಗರ ತೋಟ ಹುತ್ರಿದುರ್ಗದ ಕಡೆ. ಅಲ್ಲಿಗೆ ಹೋಗುವ ಏರಿನಲ್ಲಿ ಕಾರು ನೀಲಿ ಹೊಗೆ ಬಿಡುತ್ತಾ ಎರಡನೇ ಗೇರಿಗೆ ಬರುತ್ತಿತ್ತು.

‘ಹಿಂದೆ ಬೀಗರು ಅಂಬಾಸಿಡರ್‌ನಲ್ಲಿ ಬರ್ತವ್ರೆ, ಹಾರ್ನ್ ಹೊಡೀತವ್ರೆ,’ ಎಂದರು. ‘ಫಾರಿನ್ ಕಾರು ಇಟ್ಕೊಂಡು ನಾನು ಸೈಡ್ ಕೊಡ್ಬೇಕು. ರೇಸ್ ಕಾರ್ ಮಾಡಿ ಅನ್ನಲ್ಲ. ಸ್ವಲ್ಪ, ಒಂಚೂರು ಜಾಸ್ತಿ ಎಳೀಲಿ. ಆಗುತ್ತಾ ಮೇಸ್ತ್ರಿ?’

ಮೇಸ್ತ್ರಿ ಟರ್ಬೊಗೆ ಆಯಿಲ್ ಹೋಗುವ ಸಣ್ಣ ಪೈಪನ್ನು ಬಿಚ್ಚಿ ಮೂಸಿದರು. ಒಳಗೆ ತಳ ಹಿಡಿದ ಅನ್ನದ ಹಾಗೆ ಕರಿ ಗಟ್ಟಿಯಾಗಿತ್ತು.

‘ಸೀದೋಗದೆ,’ ಎಂದರು. ‘ಸಾಹೇಬ್ರೇ, ಏರು ಹತ್ತಿದ ಮೇಲೆ ಇಳಿಜಾರಲ್ಲಿ ಏನ್ಮಾಡ್ತೀರಾ?’

‘ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಬಿಡ್ತೀನಿ. ಇಳಿಜಾರಿಗೆ ಪೆಟ್ರೋಲ್ ಯಾಕೆ ಸುಡ್ಬೇಕು?’

ಆಗ ಎಲ್ಲರೂ ಹಾಗೇ ಮಾಡುತ್ತಿದ್ದರು. ಅಂಬಾಸಿಡರಿಗೆ ಅದರಿಂದ ಏನೂ ಆಗುತ್ತಿರಲಿಲ್ಲ. ಆದರೆ ಕೆಂಪಗೆ ಕಾದ ಟರ್ಬೊಗೆ ಆಯಿಲ್ ಹರಿಯುವುದು ನಿಂತರೆ, ಒಳಗಿದ್ದ ಆಯಿಲ್ ಅಲ್ಲೇ ಸುಟ್ಟು ಕರಿಯಾಗುತ್ತದೆ. ನಾನು ಆ ಸಂಜೆ ಇಂಗ್ಲಿಷ್ ಮ್ಯಾನ್ಯುಯಲ್ ಓದಿದೆ. ನಿಲ್ಲಿಸುವ ಮುನ್ನ ಎಂಜಿನ್ನನ್ನು ಸ್ವಲ್ಪ ಹೊತ್ತು ನಿಧಾನವಾಗಿ ಓಡಲು ಬಿಡಿ ಎಂದು ಐವತ್ತನೇ ಪುಟದ ಆಚೆ ಎಲ್ಲೋ ಬರೆದಿತ್ತು. ಮೇಸ್ತ್ರಿಗೆ ಓದಿ ಹೇಳಿದೆ. ‘ಅದುನ್ನೇ ತಾನೆ ನಾನು ಹೇಳಿದ್ದು’ ಎಂದರು.

ಯಜಮಾನರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದು ಡೈರಿಯಲ್ಲಿ ಹಾಗೇ ಇದೆ: ‘ಇನ್ಮೇಲೆ ಇಂಥ ಗಾಡಿಗಳೇ ಬರೋದು. ಓದೋಕೆ ಬರ್ದೇ ಇರೋರ್ನ ಇಟ್ಕೊಂಡು ಏನ್ಮಾಡ್ಲಿ? ಈ ಕಾರು ಸರಿಹೋದ್ರೆ ಮೇಸ್ತ್ರಿ ಇರ್ಲಿ. ಕೆಟ್ರೆ ಮನೇಲಿರ್ಲಿ.’ ಈ ಮಾತು ಮೇಸ್ತ್ರಿಗೆ ಮುಟ್ಟಿತ್ತು. ತಗಡಿನ ಶೆಡ್ಡಿನಲ್ಲಿ ಪಕ್ಕಕ್ಕೆ ಕರೆದು ಹೇಳಿದ್ದು ಎಲ್ಲರಿಗೂ ಮುಟ್ಟುತ್ತಿತ್ತು.

ಎಂಜಿನ್ ಪೂರ್ತಿ ಬಿಚ್ಚಿದೆವು. ಹೊಸ ಟರ್ಬೊ, ರಿಂಗು, ಗ್ಯಾಸ್ಕೆಟ್ ಎಲ್ಲವನ್ನೂ ನಜೀರ್ ಸಾಹೇಬರ ಭಾಮೈದ ಗಲ್ಫಿನಿಂದ ಸೂಟ್‌ಕೇಸಿನಲ್ಲಿ ತಂದ. ಜೊತೆಗೆ ಒಂದು ಸೆಂಟಿನ ಬಾಟಲಿ ಇತ್ತು, ಅದು ದಾರಿಯಲ್ಲಿ ಒಡೆದಿತ್ತು. ಒಂದು ವಾರ ನಮ್ಮ ಶೆಡ್ಡು ಮದುವೆ ಮನೆಯ ಹಾಗೆ ಘಮಘಮಿಸಿತು. ಮೇಸ್ತ್ರಿ ವಾಲ್ವುಗಳನ್ನು ಒಂದೊಂದಾಗಿ ಉಜ್ಜಿ ಕೂರಿಸಿದರು. ಗಾಳಿಯ ದಾರಿಯಲ್ಲಿ ಎರಡು ಭಾಗಗಳು ಸೇರುವ ಕಡೆ ಅಂಚು ಅಡ್ಡ ಬರುತ್ತಿದ್ದುದನ್ನು ಅರದಿಂದ ತಿದ್ದಿ, ಬೆರಳು ಆಡಿಸಿ ನೋಡಿದರು.

ಇಲ್ಲಿಂದ ಎರಡು ಕಥೆಗಳಿವೆ.

ತರಬೇತಿಯವರಿಗೆ ನಾನು ಹೇಳುತ್ತಿದ್ದುದು ಇದು: ಮೇಸ್ತ್ರಿ ಅಭ್ಯಾಸಬಲದಿಂದ ಹೆಡ್ಡನ್ನು ಫೇಸಿಂಗಿಗೆ ಒಯ್ದರು. ನನಗೆ ಅನುಮಾನವಿತ್ತು, ಹಿರಿಯರೆಂದು ತಡೆಯಲಿಲ್ಲ. ಟರ್ಬೊ ಎಂಜಿನ್ನಿಗೆ ಹೆಡ್ ಹೆಚ್ಚು ಹೆರೆಸುವುದೆಂದರೆ ಮನೆಯನ್ನು ಚಿಕ್ಕದು ಮಾಡಿ ನೆಂಟರನ್ನು ಜಾಸ್ತಿ ಕರೆದ ಹಾಗೆ. ಈ ಹೋಲಿಕೆಗೆ ಪ್ರತಿ ಸಲವೂ ನಗು ಬರುತ್ತಿತ್ತು. ಒಬ್ಬರು ಅದನ್ನು ಟಿಪ್ಪಣಿ ಪುಸ್ತಕದಲ್ಲಿ ನನ್ನ ಹೆಸರು ಹಾಕಿ ಬರೆದುಕೊಂಡಿದ್ದನ್ನೂ ನೋಡಿದ್ದೇನೆ.

ಡೈರಿಯಲ್ಲಿರುವುದು ಇದು. ಒಂದು ಮಂಗಳವಾರ, ನೀಲಿ ಶಾಯಿ, ನನ್ನದೇ ಅಕ್ಷರ: ‘ಹೆಡ್ ಒಂದು ಮಿ.ಮೀ. ತೆಗೆಸಿದರೆ ಶಕ್ತಿ ಎಷ್ಟು ಹೆಚ್ಚುತ್ತದೆಂದು ಲೆಕ್ಕ ಹಾಕಿದೆ. ಮೇಸ್ತ್ರಿ ಬೇಡವೆಂದರು. ಒಳಗೆ ಆಗಲೇ ಟರ್ಬೊ ಗಾಳಿ ತುರುಕ್ತಾ ಅದೆ, ಮನೆ ಚಿಕ್ಕದು ಮಾಡಿ ನೆಂಟರನ್ನ ಜಾಸ್ತಿ ಕರೆದರೆ ಜಗಳ ಆಗಲ್ವಾ ಎಂದರು. ನಾನು ಸೂತ್ರ ತೋರಿಸಿದೆ. ಸುಮ್ಮನಾದರು. ಮಧ್ಯಾಹ್ನ ಸೈಕಲ್ ಮೇಲೆ ಲೇತಿಗೆ ಒಯ್ದರು. ಊಟಕ್ಕೆ ಮುದ್ದೆ.’

ಸೂತ್ರವೂ ಅದೇ ಪುಟದಲ್ಲಿದೆ. ಈಗಲೂ ಅದರಲ್ಲಿ ತಪ್ಪು ಹುಡುಕಿದ್ದೇನೆ, ಸಿಕ್ಕಿಲ್ಲ. ಸೂತ್ರ ಸರಿ. ಅದು ಟರ್ಬೊ ಇಲ್ಲದ ಎಂಜಿನ್ನಿನದು. ಪದವಿ ಪರೀಕ್ಷೆಯಲ್ಲಿ ಟರ್ಬೊ ಕೇಳಿರಲಿಲ್ಲ.

ಎಂಜಿನ್ ಕಟ್ಟಿ, ಒಂದಷ್ಟು ದಿನ ಮೆಲ್ಲಗೆ ಓಡಿಸಿ ಪಳಗಿಸಿ, ಪರೀಕ್ಷೆಗೆಂದು ಹೊರಟೆವು. ನಮ್ಮಲ್ಲಿ ಶಕ್ತಿ ಅಳೆಯುವ ಯಂತ್ರ ಇರಲಿಲ್ಲ, ಹುತ್ರಿದುರ್ಗದ ಏರು ಇತ್ತು. ನಜೀರ್ ಸಾಹೇಬರು ಸ್ಟಿಯರಿಂಗ್ ಹಿಡಿದಿದ್ದರು, ಪಕ್ಕದಲ್ಲಿ ಮೇಸ್ತ್ರಿ, ಹಿಂದೆ ನೋಟ್‌ಬುಕ್ ಹಿಡಿದ ನಾನು. ತುಮಕೂರಿನಿಂದ ಕುಣಿಗಲ್ ಕೆರೆ ಏರಿಯವರೆಗೆ ಕಾರು ಬೆಣ್ಣೆಯಂತೆ ಹೋಯಿತು. ನಜೀರ್ ಸಾಹೇಬರು ಹಾಡಲು ಶುರು ಮಾಡಿದರು. ಏರು ಬಂದಾಗ ಆಕ್ಸಿಲರೇಟರ್ ಒತ್ತಿದರು. ಡಬ್ಬದಲ್ಲಿ ಹುರುಳಿಕಾಳು ಹಾಕಿ ಅಲ್ಲಾಡಿಸಿದಂಥ ಸದ್ದು ಬಂತು.

‘ಕಾಲು ತೆಗೀರಿ ಸಾಹೇಬ್ರೇ,’ ಎಂದರು ಮೇಸ್ತ್ರಿ.

‘ಎಳೀತಾ ಇದೆ ಮೇಸ್ತ್ರಿ! ಜಬರ್ದಸ್ತ್ ಎಳೀತಾ ಇದೆ!’

‘ಅದು ಎಳೀತಿಲ್ಲ, ಅಳ್ತಾ ಇದೆ. ಕಾಲು ತೆಗೀರಿ!’

ಡಬ್ ಎಂದಿತು. ಬಾನೆಟ್ಟಿನಿಂದ ಹಬೆ ಎದ್ದಿತು. ನಾವು ಇಳಿದು ನಿಂತೆವು. ಹಿಂದಿನಿಂದ ಒಂದು ಅಂಬಾಸಿಡರ್ ಬಂತು. ಅದು ಬೀಗರದೇ ಆಗಿತ್ತು ಎಂದು ನಾನು ಯಾವಾಗಲೂ ಹೇಳುತ್ತಿದ್ದೆ. ಡೈರಿಯಲ್ಲಿ ‘ಒಂದು ಕಾರು ನಮ್ಮನ್ನು ದಾಟಿತು’ ಎಂದಷ್ಟೇ ಇದೆ.

ಟ್ರಾಕ್ಟರಿಗೆ ಕಟ್ಟಿಸಿ ಕುಣಿಗಲ್ಲಿಗೆ, ಅಲ್ಲಿಂದ ಲಾರಿಯಲ್ಲಿ ಶೆಡ್ಡಿಗೆ ತಂದು ಬಿಚ್ಚಿದೆವು. ಹೆಡ್ಡಿಗೂ ಎಂಜಿನ್ನಿಗೂ ನಡುವೆ ಸಂದು ಮುಚ್ಚಲು ಇಡುವ ಗ್ಯಾಸ್ಕೆಟ್ ಹರಿದಿತ್ತು. ಒಂದು ಪಿಸ್ಟನ್ನಿನ ಅಂಚು ಇಲಿ ಕಚ್ಚಿದ ಹಾಗೆ ಆಗಿತ್ತು. ಯಜಮಾನರು ಹೆಡ್ಡನ್ನು ತಿರುಗಿಸಿ ನೋಡಿದರು. ಪಕ್ಕದಲ್ಲಿ ಬಿಳಿ ಪೇಂಟಿನಲ್ಲಿ ‘ಬಷೀರ್’ ಎಂದು ಬರೆದಿತ್ತು.

‘ಇದನ್ನ ಇಷ್ಟು ಫೇಸಿಂಗ್ ಮಾಡ್ಸಿದ್ದು ಯಾರು?’ ಎಂದರು. ಕೇಳಿದ್ದು ಎಲ್ಲರನ್ನೂ, ನೋಡುತ್ತಿದ್ದುದು ಪೇಂಟನ್ನು. ನಜೀರ್ ಸಾಹೇಬರು ಅಲ್ಲೇ ನಿಂತಿದ್ದರು.

ಮೇಸ್ತ್ರಿ ಕೈಗೆ ಹತ್ತಿದ್ದ ಗ್ರೀಸನ್ನು ಬಟ್ಟೆಗೆ ಒರೆಸಿದರು. ಆಮೇಲೆ, ‘ನಾನೇ ಯಜಮಾನ್ರೇ. ಫೇಸಿಂಗಿಗೆ ಕಳಿಸಿದ್ದು ನಾನೇ’ ಎಂದರು.

ಡೈರಿಯಲ್ಲಿ ಈ ಮಾತಿದೆ. ನಾನು ಏನು ಹೇಳಿದೆನೆಂದು ಇಲ್ಲ. ಆ ದಿನ ಶೆಡ್ಡಿನಲ್ಲಿ ಎಷ್ಟು ಗಾಡಿಗಳಿದ್ದವು, ಮಳೆ ಎಷ್ಟು ಹೊತ್ತಿಗೆ ಶುರುವಾಯಿತು, ಊಟಕ್ಕೆ ಏನಿತ್ತು, ಎಲ್ಲವೂ ಇದೆ. ಮಾತಾಡಿದ್ದರೆ ಬರೆದಿರುತ್ತಿದ್ದೆ ಎಂದುಕೊಳ್ಳುತ್ತೇನೆ.

ಹೆರೆದ ಲೋಹವನ್ನು ಮತ್ತೆ ಅಂಟಿಸಲು ಬರುವುದಿಲ್ಲ. ಹೊಸ ಹೆಡ್ ಗಲ್ಫಿನಿಂದ ಬರಲು ತಿಂಗಳುಗಳೇ ಬೇಕು. ಮೇಸ್ತ್ರಿ ಮರುದಿನವೇ ಪಾತ್ರೆ ಮಾಡುವವರ ಅಂಗಡಿಯಿಂದ ದಪ್ಪನೆಯ ತಾಮ್ರದ ತಗಡು ತಂದರು. ಹಂಡೆಗೆ ತಳ ಹಾಕಲು ಬಳಸುವಂಥದ್ದು. ಹಳೆಯ ಗ್ಯಾಸ್ಕೆಟ್ಟನ್ನು ಅದರ ಮೇಲಿಟ್ಟು ಗೀಚಿ, ಎರಡು ದಿನ ಕೂತು ಕೈಯಿಂದಲೇ ಕತ್ತರಿಸಿದರು. ನೀರಿನ ತೂತು, ಬೋಲ್ಟಿನ ತೂತು, ನಡುವೆ ಸಿಲಿಂಡರುಗಳಿಗೆ ಮೂರು ದೊಡ್ಡ ತೂತು. ಕೆಂಪಗೆ ಕಾಯಿಸಿ ನೀರಿಗೆ ಅದ್ದಿ ಮೆತ್ತಗೆ ಮಾಡಿದರು. ಉಕ್ಕನ್ನು ಹೀಗೆ ಮಾಡಿದರೆ ಗಟ್ಟಿಯಾಗುತ್ತದೆ, ತಾಮ್ರ ಮೆತ್ತಗಾಗುತ್ತದೆ. ನನಗೆ ಇದು ಪುಸ್ತಕದಿಂದ ಗೊತ್ತಿತ್ತು, ಅವರಿಗೆ ಪಾತ್ರೆಯವರಿಂದ.

ಭಾಮೈದ ಹೆಚ್ಚಿಗೆ ತಂದಿದ್ದ ಗ್ಯಾಸ್ಕೆಟ್ಟುಗಳನ್ನು ತಗಡಿನ ಮೇಲೊಂದು ಕೆಳಗೊಂದು ಇಟ್ಟು ಹೆಡ್ ಕೂರಿಸಿದರು. ಈಗ ಒಳಗಿನ ಜಾಗ ಮೊದಲಿದ್ದುದಕ್ಕಿಂತ ಸ್ವಲ್ಪ ದೊಡ್ಡದಾಯಿತು. ಕಚ್ಚಿದ ಪಿಸ್ಟನ್ನಿನ ಅಂಚನ್ನು ನುಣ್ಣಗೆ ತಿದ್ದಿದರು. ಟರ್ಬೊದ ಒತ್ತಡ ಮಿತಿ ಮೀರದಂತೆ ಹೊಗೆಯನ್ನು ಹೊರಬಿಡುವ ಪುಟ್ಟ ಬಾಗಿಲೊಂದಿರುತ್ತದೆ. ಅದರ ಸ್ಪ್ರಿಂಗಿಗೆ ಒಂದೇ ಒಂದು ವಾಷರ್ ಕೊಟ್ಟು ಬಿಗಿ ಮಾಡಿದರು, ಬಾಗಿಲು ಸ್ವಲ್ಪ ತಡವಾಗಿ ತೆರೆದು, ಟರ್ಬೊ ಇನ್ನೊಂಚೂರು ಗಾಳಿ ತುಂಬಲಿ ಎಂದು.

‘ಎರಡು ವಾಷರ್ ಹಾಕಿದ್ರೆ?’ ಎಂದೆ.

‘ಲೆಕ್ಕ ಹಾಕಿ ಹೇಳು,’ ಎಂದರು. ನಾನು ಹಾಕಲಿಲ್ಲ.

ಅದೇ ಏರನ್ನು ಕಾರು ಮೂರನೇ ಗೇರಿನಲ್ಲಿ, ಸದ್ದಿಲ್ಲದೆ ಹತ್ತಿತು. ಗಳಿಸಿದ್ದು ಒಂದು ಗೇರು, ಅಷ್ಟೇ. ಮೇಲೆ ನಿಲ್ಲಿಸಿ ಎಂಜಿನ್ ಆರಿಸದೆ ಒಂದು ನಿಮಿಷ ಕೂತೆವು. ಪೆಟ್ರೋಲು ಸುಡುವುದನ್ನು ಕೇಳುತ್ತಾ ಕೂರುವುದು ನಜೀರ್ ಸಾಹೇಬರಿಗೆ ಕಷ್ಟವಾಯಿತು. ‘ಇನ್ನೂ ಆಗ್ಲಿಲ್ವಾ?’ ಎಂದು ಎರಡು ಸಲ ಕೇಳಿದರು.

ಕಾರು ಸರಿಹೋಯಿತು, ಮೇಸ್ತ್ರಿ ಉಳಿಯುತ್ತಾರೆ ಎಂದುಕೊಂಡೆ. ಯಜಮಾನರು, ‘ಸರಿಹೋಯ್ತು, ಇಲ್ಲ ಅನ್ನಲ್ಲ. ಆದ್ರೆ ಕೆಡಿಸಿದ್ದೂ ಅವ್ರೇ ತಾನೆ? ಅವ್ರ ಬಾಯಲ್ಲೇ ಕೇಳಿದ್ನಲ್ಲ’ ಎಂದರು. ತಿಂಗಳ ಕೊನೆಗೆ ಮೇಸ್ತ್ರಿ ತಮ್ಮ ಸ್ಕ್ರೂಡ್ರೈವರನ್ನು ಬಟ್ಟೆಯಲ್ಲಿ ಸುತ್ತಿ ಸೈಕಲ್ಲಿಗೆ ಕಟ್ಟಿಕೊಂಡು ಹೋದರು. ಉಪ್ಪಾರಹಳ್ಳಿಯ ಮನೆ ಮುಂದೆ ಪಂಪ್‌ಸೆಟ್ ರಿಪೇರಿ ಶುರು ಮಾಡಿದರೆಂದು ಕೇಳಿದೆ. ನನಗೆ ಬಡ್ತಿ ಬಂತು. ಅದರ ವಿಷಯ ಇಲ್ಲಿ ಬೇಡ.

ನೆನಪು ಯಾವಾಗ ತಿರುಗಿತೋ ತಿಳಿಯದು. ಒಂದೇ ದಿನ ಕೂತು ಸುಳ್ಳು ಕಟ್ಟಿದ್ದಲ್ಲ, ಅಷ್ಟು ಮಾತ್ರ ಹೇಳಬಲ್ಲೆ. ಮೊದಲ ಸಲ ಕಥೆ ಹೇಳುವಾಗ ‘ಹೆಡ್ ಫೇಸಿಂಗಿಗೆ ಹೋಯಿತು’ ಎಂದಿರಬೇಕು. ಹೋಯಿತು ಎಂದರೆ ಒಯ್ದವರು ಯಾರು ಎಂದು ಯಾರೋ ಕೇಳಿರಬೇಕು. ಒಯ್ದವರು ಮೇಸ್ತ್ರಿ, ಅದು ನಿಜ. ಉಳಿದದ್ದು ತಾನಾಗಿ ಸೇರಿಕೊಂಡಿರಬೇಕು. ಇದೂ ಊಹೆ.

ಡೈರಿಯ ಆ ಪುಟ ಓದಿದ ಮೂರನೇ ದಿನ ಉಪ್ಪಾರಹಳ್ಳಿಗೆ ಹೋದೆ. ಮೊದಲನೇ ದಿನ ಯಾಕೆ ಹೋಗಲಿಲ್ಲ ಎಂದರೆ, ಅವರು ಇದ್ದಾರೋ ಇಲ್ಲವೋ ಎಂದು ಯಾರನ್ನಾದರೂ ಕೇಳಬೇಕಿತ್ತು, ಕೇಳಲು ಎರಡು ದಿನ ಹಿಡಿಯಿತು. ಇದ್ದರು. ಎಂಬತ್ತು ದಾಟಿತ್ತು. ಬಾಗಿಲ ಬಳಿ ಕುರ್ಚಿಯಲ್ಲಿ ಕೂತು, ಪಕ್ಕದ ಮನೆಯವರ ಮಿಕ್ಸಿಯನ್ನು ಬಿಚ್ಚುತ್ತಿದ್ದರು.

‘ಡಿಗ್ರಿ!’ ಎಂದರು. ‘ಕೂದ್ಲೆಲ್ಲಾ ಎಲ್ಲಿ ಬಿಟ್ಬಂದ್ಯಪ್ಪ?’

ಕೂತೆ. ಡೈರಿ ತೆಗೆದು, ಆ ಪುಟವನ್ನು ಪೂರ್ತಿ ಓದಿ ಹೇಳಿದೆ. ಮುದ್ದೆಯವರೆಗೂ ಓದಿದೆ. ಆಮೇಲೆ, ‘ಮೇಸ್ತ್ರಿ, ಫೇಸಿಂಗ್ ಮಾಡಿಸಿ ಅಂದಿದ್ದು ನಾನು’ ಎಂದೆ.

‘ಗೊತ್ತು ಕಣಪ್ಪ,’ ಎಂದರು. ‘ನಾನು ಅಲ್ಲೇ ಇದ್ನಲ್ಲ.’

‘ಮತ್ತೆ ನಾನೇ ಅಂತ ಯಾಕೆ ಅಂದ್ರಿ?’

ಅವರು ಮಿಕ್ಸಿಯ ಒಂದು ಸ್ಕ್ರೂವನ್ನು ಬಟ್ಟಲಿಗೆ ಹಾಕಿದರು. ‘ನೀನು ಹೇಳ್ತೀಯೇನೋ ಅಂತ ಸ್ವಲ್ಪ ಹೊತ್ತು ನೋಡ್ದೆ. ನೀನು ಪೆನ್ ಕ್ಯಾಪ್ ತೆಗೀತಿದ್ದೆ, ಹಾಕ್ತಿದ್ದೆ. ಎಂಜಿನ್ನು ಬಾಯ್ಬಿಟ್ಕೊಂಡು ಕೂತದೆ. ಯಾರಾದ್ರೂ ಒಬ್ರು ನಾನು ಅನ್ನೋಗಂಟ ಯಜಮಾನ್ರು ಅಲ್ಲಿಂದ ಕದ್ಲಲ್ಲ. ಕೆಲಸ ಶುರು ಮಾಡ್ಬೇಕಿತ್ತಲ್ಲ, ಅದಕ್ಕೆ ಅಂದೆ.’

‘ಅಷ್ಟೇನಾ?’

‘ಅಷ್ಟೇ. ಆಮೇಲೆ ನೀನು ಹೋಗಿ ಹೇಳ್ತೀಯ ಅನ್ಕೊಂಡಿದ್ದೆ.’

ಒಳಗಿನಿಂದ ಅವರ ಮನೆಯವರು ಟೀ ಕಳಿಸಿದರು. ಎರಡು ಲೋಟ, ಎರಡರ ಮೇಲೂ ನೊಣ ಬೀಳದಂತೆ ಒಂದೊಂದು ತಾಮ್ರದ ಬಿಲ್ಲೆ ಮುಚ್ಚಿತ್ತು. ಗುಂಡಗೆ, ಅಂಚಿಗೆ ಅರ ಹಿಡಿದದ್ದು ಕಾಣುತ್ತಿತ್ತು. ಸಿಲಿಂಡರಿನ ಅಗಲ ನನಗೆ ಇನ್ನೂ ಕಣ್ಣಳತೆಗೆ ಸಿಗುತ್ತದೆ. ಆ ತಗಡಿನಲ್ಲಿ ಕತ್ತರಿಸಿ ತೆಗೆದ ನಡುಭಾಗಗಳು.

‘ಮೂರಿದ್ವು,’ ಎಂದರು ಮೇಸ್ತ್ರಿ. ‘ಇನ್ನೊಂದು ಉಪ್ಪಿನಕಾಯಿ ಜಾಡಿ ಮೇಲದೆ. ಬೇಕಾದ್ರೆ ಒಂದು ತಗೊಂಡೋಗು.’

‘ಕೊಡ್ಬೇಡಿ,’ ಎಂದು ಒಳಗಿನಿಂದ ದನಿ ಬಂತು. ‘ಲೋಟಕ್ಕೆ ಏನು ಮುಚ್ಲಿ?’

ಮೇಸ್ತ್ರಿ ನನ್ನ ಕಡೆ ನೋಡಿ ಕೈ ಚೆಲ್ಲಿದರು. ನಾನು ಬಿಲ್ಲೆಯನ್ನು ಟ್ರೇಯ ಮೇಲೆ ವಾಪಸ್ ಇಟ್ಟೆ.

ಇದನ್ನೆಲ್ಲ ಬರೆಯುತ್ತೇನೆ, ಕೆಲಸಕ್ಕೆ ಹೊಸದಾಗಿ ಸೇರುವವರು ಓದುತ್ತಾರೆ ಎಂದು ಹೇಳಿದೆ. ಅವರು ತಲೆಯಾಡಿಸಿ ಟೀ ಮುಗಿಸಿದರು. ನಾನು ಚಪ್ಪಲಿ ಮೆಟ್ಟುವಾಗ ಹಿಂದಿನಿಂದ ಕರೆದರು.

‘ಲೋ ಡಿಗ್ರಿ, ಫೇಸಿಂಗ್‌ದು ಹೆಂಗಾದ್ರೂ ಬರ್ಕೋ. ಆ ನೆಂಟರ ಮಾತು ನಂದು ಅಂತ ಬರಿ.’

ಬರೆದಿದ್ದೇನೆ.